ಓನರ್ ಆಂಟಿಯ ಬಾವಿ

ಕೆ.ಆರ್. ಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಬೆಳಿಗ್ಗೆ ನೀರಿನ ಮೋಟರ್ ಹಾಕಲು ಮರೆಯುತ್ತಿದ್ದುದು ಒಂದು ದರಿದ್ರ ಆಟದಿಂದ. ಫೋನಿನಲ್ಲೊಂದು ಕತ್ತಲ ಬಾವಿ, ಅದರೊಳಗೆ ಅಳುವ ಹುಡುಗಿ. ಪರದೆಯನ್ನು ಒತ್ತುತ್ತಲೇ ಇದ್ದರೆ ಹಗ್ಗ ಮೇಲೆ ಬರುತ್ತದೆ, ನಿಲ್ಲಿಸಿದರೆ ಜಾರುತ್ತದೆ. ನಡುನಡುವೆ ಪ್ರಶ್ನೆ ಬೇರೆ: ಇವಳನ್ನು ಎಳೆಯುತ್ತೀಯೋ, ಕೈಬಿಟ್ಟು ಮುಂದಿನ ಹಂತಕ್ಕೆ ಹೋಗುತ್ತೀಯೋ?

ಆಂಟಿ ಯಾವತ್ತೂ ಮುಂದಿನ ಹಂತಕ್ಕೆ ಹೋದವರಲ್ಲ. ಮೆಟ್ಟಿಲ ಮೇಲೆ ಕೂತು, ಆಗಾಗ ಸೆರಗಿನಿಂದ ಪರದೆ ಒರೆಸಿಕೊಂಡು, ಹೆಬ್ಬೆರಳಿನಿಂದ ಒತ್ತುತ್ತಲೇ ಇರುತ್ತಿದ್ದರು. ನೀರು ಕೇಳಿದರೆ ಒಂದೇ ಮಾತು: "ಒಂದ್ನಿಮ್ಷ ಇರಪ್ಪ, ಮಗು ಬಿದ್ದೋಯ್ತದೆ."

ಒಂದು ದಿನ ನಾನು ತಲೆಗೆ ಶಾಂಪೂ ಹಾಕಿಕೊಂಡಿದ್ದಾಗಲೇ ನಲ್ಲಿ ನಿಂತಿತು. ಟವೆಲ್ ಸುತ್ತಿಕೊಂಡು ಕೆಳಗಿಳಿದು ಕೂಗಾಡಿದೆ.

"ಆಂಟಿ, ಅದು ಬರೀ ಗೇಮು! ನಂಗೆ ಆಫೀಸಿಗೆ ಲೇಟಾಯ್ತು!"

"ಕೂಗ್ಬೇಡ. ತಗೋ, ನೀನ್ ಒಸಿ ಒತ್ತಾ ಇರು, ನಾನ್ ಮೋಟ್ರು ಹಾಕ್ಬಿಟ್ಟು ಬತ್ತೀನಿ" ಎಂದು ಫೋನನ್ನು ನನ್ನ ಕೈಗೆ ತುರುಕಿ ಹೋದರು.

ಶಾಂಪೂ ಕಣ್ಣಿಗಿಳಿಯುತ್ತಿತ್ತು. ಅಷ್ಟರಲ್ಲಿ ಆ ಹಾಳು ಪ್ರಶ್ನೆ ಬಂತು. 'ಕೈಬಿಡು' ಒತ್ತಿದೆ. ಹುಡುಗಿ ಕಿರುಚುತ್ತಾ ಬಿದ್ದಳು. ಎರಡನೇ ಹಂತ ತಲುಪಿದ್ದಕ್ಕೆ ಆಟ ನನ್ನನ್ನು ಅಭಿನಂದಿಸಿತು.

ಆಂಟಿ ಬಂದು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈಯಲಿಲ್ಲ. "ನೀರ್ ಬಂತು, ಹೋಗಪ್ಪ" ಎಂದರು.

ನಾನು ಆ ಮನೆ ಬಿಡುವವರೆಗೂ ಕೇಳುವ ಮೊದಲೇ ಟ್ಯಾಂಕು ತುಂಬಿರುತ್ತಿತ್ತು. ಹಾಲು ಉಕ್ಕುವಾಗ, ಗೇಟು ತೆಗೆಯಬೇಕಾದಾಗ, ಆಟವನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದ ಆಂಟಿ ಫೋನನ್ನು ಕೊರಿಯರಿನವನ ಕೈಗಾದರೂ ಕೊಡುತ್ತಿದ್ದರು. ನನ್ನ ಕೈಗೆ ಮತ್ತೆ ಕೊಡಲಿಲ್ಲ.