ಸಣ್ಣ ಗಾಡಿ ಯಾಕ್ರೀ?

ಹೊಸ ಕಾರಿನೊಳಗೆ ಒಂದು ವಾಸನೆ ಇರುತ್ತದಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅರ್ಧ ಪ್ಲಾಸ್ಟಿಕ್ಕು, ಅರ್ಧ ಬಟ್ಟೆ ಅಂಗಡಿ. ನನ್ನ ಕಾರಿನಲ್ಲಿ ಅದರ ಜೊತೆಗೆ ಪೂಜೆಯ ದಿನದ ಕರ್ಪೂರವೂ ಸೇರಿಕೊಂಡಿದೆ. ಮೊನ್ನೆ ಧಾರವಾಡದಲ್ಲಿ ಕಣ್ಣಿನ ದವಾಖಾನೆಯ ಎದುರು, ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಆ ವಾಸನೆ ಕುಡಿಯುತ್ತ ಕೂತಿದ್ದೆ. ಒಳಗೆ ನಮ್ಮ ಯಜಮಾನರ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಮಸುಕಾಗುತ್ತದೆ, ಜೊತೆಗೆ ಯಾರಾದರೂ ಬರಲೇಬೇಕು ಎಂದು ದವಾಖಾನೆಯವರು ಫೋನಿನಲ್ಲಿಯೇ ಹೇಳಿದ್ದರು. ಇಲ್ಲದಿದ್ದರೆ ಅವರು ನನ್ನ ಕಾರು ಹತ್ತುತ್ತಿರಲಿಲ್ಲ. ಈ ಕಾರು ನವನಗರದ ನಮ್ಮ ಮನೆಗೆ ಬಂದಾಗಿನಿಂದ ಅವರು ಹುಬ್ಬಳ್ಳಿಗೂ ಧಾರವಾಡಕ್ಕೂ ಚಿಗರಿ ಎಂದು ಕರೆಯುವ ಸಿಟಿ ಬಸ್ಸಿನಲ್ಲಿಯೇ ಓಡಾಡುತ್ತಾರೆ. ಕೇಳಿದರೆ, "ಪಾರ್ಕಿಂಗ್ ಸಿಗೂದಿಲ್ಲ" ಅನ್ನುತ್ತಾರೆ. ಮೊನ್ನೆ ಬರುವಾಗಲೂ ಹಿಂದಿನ ಸೀಟಿನಲ್ಲಿ, ರಿಪೋರ್ಟುಗಳ ಚೀಲ ತೊಡೆಯ ಮೇಲಿಟ್ಟುಕೊಂಡು, ಯಾರದೋ ಟ್ಯಾಕ್ಸಿಯಲ್ಲಿ ಬಂದವರಂತೆ ಬಂದರು.

ಕಾರಿನ ಬಗ್ಗೆ ಹೇಳಿಬಿಡುತ್ತೇನೆ. ಕೆಂಪು ಬಣ್ಣ, ಪುಟ್ಟ ಮೈ. ನಾಲ್ಕು ಜನ ಆರಾಮಾಗಿ ಕೂಡಬಹುದು, ಐದನೆಯವರು ಬಂದರೆ ಎಲ್ಲರೂ ಉಸಿರು ಬಿಗಿಹಿಡಿಯಬೇಕು. ಮೈ ಸಣ್ಣದಾದರೂ ಇಂಜಿನ್ನು ಜಬರ್ದಸ್ತು. ಗಿಯರು ಕೈಯಿಂದಲೇ ಹಾಕಬೇಕು. ಜೋರಾಗಿ ಓಡಲೆಂದೇ ಮಾಡಿದ ಕಾರುಗಳ ಕುಲದಲ್ಲಿ ಇದು ಬಡವರ ಮನೆಯ ಮಗ, ಇದರ ಅಣ್ಣಂದಿರ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕಾಗುತ್ತದೆ. ಇಂಥ ಕಾರು ತೆಗೆದುಕೊಂಡವಳು ಯಾರೆಂದರೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ, ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯುವ ನಾನು. ಓಡಿಸುವುದೆಲ್ಲಿ? ಕೆಲಗೇರಿ ಕೆರೆಯ ತನಕ ಹೋಗಿ, ನೀರು ನೋಡಿ, ವಾಪಸು ಬರುತ್ತೇನೆ. ದಾರಿಯಲ್ಲಿ ರೋಡ್ ಹಂಪು, ಎಮ್ಮೆ, ಸಿಗ್ನಲ್ಲು ಎಲ್ಲವೂ ಸಿಗುತ್ತವೆ, ವೇಗವೊಂದು ಸಿಗುವುದಿಲ್ಲ. ನಗಬೇಡಿ. ನಗುವುದಿದ್ದರೂ ಸ್ವಲ್ಪ ತಡೆಯಿರಿ.

ನಮ್ಮ ಕಡೆ ಯಾರಾದರೂ ಹೊಸ ಗಾಡಿ ತಂದರೆ ಅದನ್ನು ನೋಡಲು ಹೋಗುವುದು ಒಂದು ಪದ್ಧತಿ. ಕೂಸನ್ನು ನೋಡಲು ಹೋದ ಹಾಗೆಯೇ. ಹೋದವರು ಬಾನೆಟ್ಟಿನ ಮೇಲೆ ಕೈಯಾಡಿಸಿ, ಫೇಡೆ ತಿಂದು, ಛಲೋ ಐತಿ ಅನ್ನಬೇಕು. ನಮ್ಮ ಗಾಡಿ ನೋಡಲು ಮೊದಲು ಬಂದವರು ಪಕ್ಕದ ಮನೆಯ ಪಾಟೀಲ ಕಾಕಾ. ಕೆಂಪು ಕಾರಿನ ಮೇಲೆ ಒಮ್ಮೆ ಕಣ್ಣಾಡಿಸಿ, ಅದನ್ನು ಬಳಸಿಕೊಂಡು ಹಿಂದೆ ಹೋಗಿ, ಶೆಡ್ಡಿನೊಳಗೆ ಬಗ್ಗಿ ನೋಡಿದರು. "ಇದು ಇರ್ಲಿ. ದೊಡ್ಡದು ಯಾವಾಗ ಬರತೈತಿ?"

"ಇದ ಕಾಕಾ. ಇದೊಂದ ಗಾಡಿ" ಅಂದೆ.

ಕಾಕಾ ಫೇಡೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ದನಿ ತಗ್ಗಿಸಿ, "ಸಣ್ಣ ಗಾಡಿ ಯಾಕ್ರೀ? ಮನ್ಯಾಗ ಎಲ್ಲಾ ಆರಾಮ ಅದೀರಿಲ್ಲೋ?" ಎಂದು ಕೇಳಿದರು. ಅವತ್ತಿನಿಂದ ಇವತ್ತಿನವರೆಗೆ ಅದೇ ಪ್ರಶ್ನೆಯನ್ನು ಬಹಳ ಜನ ಕೇಳಿದ್ದಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ, ಯಾವುದನ್ನೂ ನಾನೇ ನಂಬಿಲ್ಲ.

ದೊಡ್ಡದು ಬರಬೇಕಾಗಿತ್ತು, ಸುಳ್ಳಲ್ಲ. ಹಳೆಯ ಗಾಡಿ ಮಾರಿದ್ದೆವು, ಈ ಸಲದ್ದು ನನ್ನ ದುಡ್ಡಿನಲ್ಲಿ ಎಂದು ಮೊದಲೇ ಮಾತಾಗಿತ್ತು. ಆದರೆ ಯಾವ ಗಾಡಿ ಎಂಬುದನ್ನು ಯಜಮಾನರು ಆರಿಸಿಟ್ಟಿದ್ದರು: ಬಿಳಿಯದು, ಏಳು ಸೀಟಿನದು, ಗಿಯರು ತಾನೇ ಹಾಕಿಕೊಳ್ಳುವಂಥದು. ಅವರದೊಂದು ಹಳೆಯ ಆಸೆ. ಪ್ರತಿ ವರ್ಷ ಬಾದಾಮಿಯ ಬನಶಂಕರಿಗೆ ನಾವೂ ಅವರ ಇಬ್ಬರು ತಮ್ಮಂದಿರ ಕುಟುಂಬದವರೂ ಎರಡು ಕಾರಿನಲ್ಲಿ ಹೋಗುತ್ತೇವೆ. ಚಹಾಕ್ಕೆ ಒಬ್ಬರು ಒಂದು ಕಡೆ ನಿಂತರೆ ಇನ್ನೊಬ್ಬರು ಮುಂದೆ ಹೋಗಿಬಿಟ್ಟಿರುತ್ತಾರೆ, ರೊಟ್ಟಿ ಒಂದು ಕಾರಿನಲ್ಲಿ, ಪಲ್ಯ ಇನ್ನೊಂದರಲ್ಲಿ. "ಎಲ್ಲಾರೂ ಒಂದ ಗಾಡ್ಯಾಗ ಹೋಗೂದು" ಎಂದು ಅವರು ಹೇಳುವಾಗ ಮುಖ ಅರಳುತ್ತಿತ್ತು. ಯಾರು ಎಲ್ಲಿ ಕೂಡಬೇಕು ಎಂಬುದೂ ತಲೆಯಲ್ಲಿ ತಯಾರಿತ್ತು. ಅವರು ಡ್ರೈವಿಂಗಿಗೆ, ದೊಡ್ಡ ಮೈದುನ ಪಕ್ಕಕ್ಕೆ, ನಾನು ಬುತ್ತಿಯೊಡನೆ ಹಿಂದೆ.

ಹುಬ್ಬಳ್ಳಿಯ ಷೋರೂಮಿನಲ್ಲಿ ಅವರು ಬಿಳಿ ಗಾಡಿಯ ಮೂರನೆಯ ಸಾಲಿನಲ್ಲಿ ಕೂತು ಕಾಲಿಗೆ ಜಾಗ ಸಾಲುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ಸುಮ್ಮನೆ ಅಡ್ಡಾಡುತ್ತ ಮೂಲೆಯಲ್ಲಿದ್ದ ಕೆಂಪು ಕಾರಿನ ಹತ್ತಿರ ಹೋದೆ. ಒಳಗೆ ಕೂತೆ. ಗಿಯರಿನ ಹಿಡಿ ಅಂಗೈಗೆ ಸಿಕ್ಕಿತು. ಅಲ್ಲಿದ್ದ ಹುಡುಗಿ ಒಂದು ಸುತ್ತು ಓಡಿಸಿ ನೋಡಿ ಮೇಡಂ ಅಂದಳು, ಓಡಿಸಿದೆ. ತಿರುಗಿ ಬಂದು ಇಳಿದವಳ ಬಾಯಿಂದ "ಇದ ಇರ್ಲಿ" ಎಂಬ ಮಾತು ಬಂತು. ಖರೇ ಹೇಳುತ್ತೇನೆ, ನನ್ನ ದನಿ ಕೇಳಿ ನಾನೇ ಬೆಚ್ಚಿದೆ.

"ಇದು ಯಾರಿಗೆ?" ಅಂದರು ಯಜಮಾನರು.

"ನಮಗ."

ಅವರು ಜಗಳ ಮಾಡಲಿಲ್ಲ. ಮಾಡಿದ್ದರೆ ಛಲೋ ಇತ್ತು. ಷೋರೂಮಿನವರು ಕೊಟ್ಟ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದು, ಕೈ ಜಾಡಿಸಿ, "ಆತು. ನಿನ್ನ ಗಾಡಿ, ನಿನ್ನ ಮರ್ಜಿ" ಅಂದರು. ಇಲ್ಲಿಯವರೆಗೆ ನಮ್ಮ ಮನೆಗೆ ಬಂದದ್ದೆಲ್ಲ ನಮ್ಮ ಗಾಡಿಯೇ ಆಗಿತ್ತು. ಇದೊಂದು ಬಾಗಿಲಿಗೆ ಬರುವ ಮೊದಲೇ ನನ್ನದಾಯಿತು. ಕಾರು ತಂದೆನೋ ಜಗಳ ತಂದೆನೋ ಎಂಬ ಸಂಕಟ ಅವತ್ತು ಹತ್ತಿಕೊಂಡದ್ದು ಬಿಟ್ಟಿಲ್ಲ.

ಇಂಥ ಹೊತ್ತಿನಲ್ಲಿ ನಾನು ರಾಮೂ ಮಾಮಾನ ಮೇಲೆ ತಪ್ಪು ಹೊರಿಸುತ್ತೇನೆ. ರಾಮೂ ಮಾಮಾ ಅಂದರೆ ನಮ್ಮ ಅವ್ವನ ತಮ್ಮ, ಧಾರವಾಡದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಬ್ಬಳ್ಳಿಯಲ್ಲಿ ಹೊಲವಿತ್ತು, ದೊಡ್ಡ ಗಾಡಿ ಇಡುವ ತಾಕತ್ತಿತ್ತು. ಆದರೂ ಒಂದು ಹಳೆಯ ಪುಟ್ಟ ಕಾರು ತಂದು, ಅದರ ಇಂಜಿನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ನೋಡಿದವರು ಹುಬ್ಬೇರಿಸುವ ಹಾಗೆ ಓಡಿಸುತ್ತಿದ್ದ. ಊರವರು ಅವನನ್ನು ಜಿಪುಣ ಅನ್ನುತ್ತಿದ್ದರು. ನನಗೆ ಕಾರು ಕಲಿಸಿದವನು ಅವನೇ, ಹೆಬ್ಬಳ್ಳಿಯ ರಸ್ತೆಯಲ್ಲಿ. ವೇಗ ತೋರಿಸುವ ಮುಳ್ಳಿನ ಮೇಲೆ ತನ್ನ ಕರವಸ್ತ್ರ ಹೊದಿಸಿ, "ಅದನ್ನ ನೋಡಬ್ಯಾಡ, ಕೇಳು" ಅನ್ನುತ್ತಿದ್ದ. ಸಂಜೆಯಾದರೆ ಓಣಿಯ ಯಾವುದೋ ಮನೆಯಿಂದ ತಂಬೂರಿ ಕೇಳಿಸುವ ಊರು ಧಾರವಾಡ. ಅಲ್ಲಿಯ ಜನಕ್ಕೆ ಎಲ್ಲವನ್ನೂ ಕಿವಿಯಿಂದಲೇ ಅಳೆಯುವ ರೂಢಿ. "ಇಂಜಿನ್ ಅಳಾಕತ್ತೈತಿ, ಕೇಳಸವಲ್ದೇನು? ಗಿಯರ್ ಇಳಸು!" ನಾನು ಇಳಿಸುತ್ತಿದ್ದೆ. ಕಾರು ಒಮ್ಮೆ ಉಸಿರು ತೆಗೆದುಕೊಂಡು ಮುಂದಕ್ಕೆ ಜಿಗಿಯುತ್ತಿತ್ತು. ಮಾಮಾ ಕಿಟಕಿಯ ಹೊರಗೆ ನೋಡಿ ನಗುತ್ತಿದ್ದ. ಆ ನಗುವಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ದುಡ್ಡಿದ್ದೂ ಸಣ್ಣ ಕಾರು ಇಟ್ಟುಕೊಂಡ ಮಾಮಾನಲ್ಲಿ ಏನೋ ದೊಡ್ಡ ತತ್ವ ಇತ್ತೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮೊನ್ನೆ ಮೊನ್ನೆ ಅವ್ವನ ಮುಂದೆ ಈ ಮಾತು ತೆಗೆದು, ನಾನೂ ಮಾಮಾನ ಹಾಗೇ ಅಂದೆ. ಅವ್ವ ನಕ್ಕಳು. "ಅಯ್ಯ, ಅವಂದೇನು ವಿಚಾರ! ಅವರ ಮನಿ ಗೇಟು ಸಣ್ಣದಿತ್ತು. ದೊಡ್ಡ ಗಾಡಿ ಒಳಗ ಹೋಗತಿರಲಿಲ್ಲ." ಮಾಮಾ ಈಗಿಲ್ಲ, ಕೇಳೋಣವೆಂದರೆ. ಅವನದು ಗೇಟಿನ ಕಾರಣವಾಗಿದ್ದರೆ ನನ್ನದು ಏನು? ನಮ್ಮ ಗೇಟಿನಲ್ಲಿ ಲಾರಿ ಹೋಗುತ್ತದೆ.

ಮದುವೆಯಾದ ಮೇಲೆ, ಷೋರೂಮಿನ ಆ ಸುತ್ತಿನ ತನಕ, ನಾನು ಕಾರು ಓಡಿಸಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಮುಂದಿನ ಸೀಟಿನಲ್ಲಿ ಹಿರಿಯರು ಕೂಡುವುದು ರಿವಾಜು, ಅಲ್ಲಿ ಅತ್ತೆಯವರು ಕೂತರು. ಅವರು ಹೋದ ಮೇಲೆ ಮೈದುನ, ಬೀಗರು, ಹೀಗೇ. ನಾನು ಯಜಮಾನರ ಬೆನ್ನ ಹಿಂದೆ. ಲೈಸೆನ್ಸು ಮಾತ್ರ ಕಾಲಕಾಲಕ್ಕೆ ನವೀಕರಿಸುತ್ತಿದ್ದೆ, ಯಾಕೋ ಗೊತ್ತಿಲ್ಲ. ಮೊನ್ನೆ ದವಾಖಾನೆಯ ಎದುರು ಕೂತು ಅದನ್ನೇ ಯೋಚಿಸುತ್ತಿದ್ದೆ. ಈ ಕಾರು ತಂದದ್ದು ಓಡಿಸುವ ಆಸೆಗೋ? ಅಥವಾ ಹಿಂದಿನ ಸೀಟಿನ ಸಿಟ್ಟಿಗೋ? ಆಸೆಯಾದರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ಸಿಟ್ಟಾದರೆ, ಎಲ್ಲರನ್ನೂ ಒಂದು ಗಾಡಿಯಲ್ಲಿ ಕೂರಿಸಬೇಕೆಂದ ಆ ಪಾಪದ ಮನುಷ್ಯನ ಮೇಲೆ ಯಾಕೆ?

ಅಷ್ಟರಲ್ಲಿ ಆ ಪಾಪದ ಮನುಷ್ಯ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನಾನು ಇಳಿದು ಕೈ ಹಿಡಿದು ಮುಂದಿನ ಸೀಟಿನಲ್ಲಿಯೇ ಕೂರಿಸಿ, ಬೆಲ್ಟು ಹಾಕಿದೆ. ಬೇಡ ಅನ್ನಲು ಅವರಿಗೆ ಬಾಗಿಲು ಎಲ್ಲಿದೆ ಎಂದೂ ಕಾಣುತ್ತಿರಲಿಲ್ಲ. ಧಾರವಾಡ ದಾಟಿದೆವು. ಒಂದು ಏರಿನಲ್ಲಿ ಮುಂದೆ ಲಾರಿಯೊಂದು ತೆವಳುತ್ತಿತ್ತು. ಗಿಯರು ಇಳಿಸಿ, ಪಕ್ಕಕ್ಕೆ ಸರಿದು, ಅದನ್ನು ದಾಟಿ ಮುಂದೆ ಬಂದೆ.

"ಹಾಂ. ಹೊತ್ತಿಗೆ ಸರಿಯಾಗಿ ಹಾಕಿದಿ" ಅಂದರು.

"ಕಣ್ಣು ಕಾಣವಲ್ದು, ನಿಮಗ ಹೆಂಗ ಗೊತ್ತಾತು?"

"ಬೆನ್ನಿಗೆ ಗೊತ್ತು. ನಾ ಓಡಸೂಮುಂದ ಗಿಯರ್ ಹಾಕೂದು ತಡಾ ಆತಂದ್ರ, ಹಿಂದಿಂದ ನಿನ್ನ ಮೊಣಕಾಲು ನನ್ನ ಸೀಟಿಗೆ ಒತ್ತತಿತ್ತು. ಒಂದ ಸಲನೂ ತಪ್ಪಿಲ್ಲ. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನನ್ನ ಮೊಣಕಾಲಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಸ್ಟಿಯರಿಂಗು ಗಟ್ಟಿ ಹಿಡಿದುಕೊಂಡು ಕೇಳಿದೆ, "ಗೊತ್ತಿದ್ದೂ ಒಂದ ದಿನಾ ಕೇಳಲಿಲ್ಲಲ್ಲರಿ, ನೀ ಓಡಸತಿಯೇನು ಅಂತ?"

ಪಕ್ಕದಲ್ಲಿ ಚಿಗರಿ ಬಸ್ಸೊಂದು ತನಗೇ ಮೀಸಲಾದ ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಯಿತು.

"ಕೇಳಿದ್ರ ನೀ ಹೂಂ ಅಂತಿದ್ದಿ," ಅಂದರು. "ಆಮ್ಯಾಲ ನಾ ಎಲ್ಲಿ ಕೂಡತಿದ್ದೆ?"

ಕಪ್ಪು ಕನ್ನಡಕದ ಕೆಳಗಿಂದ ಕೆನ್ನೆಯ ಮೇಲೆ ನೀರು ಇಳಿದಿತ್ತು. ದವಾಖಾನೆಯವರು ಹಾಕಿದ ಹನಿಯೋ ಬೇರೆಯೋ, ರಸ್ತೆ ಬಿಟ್ಟು ಅಷ್ಟು ಹೊತ್ತು ನೋಡುವಂತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಗೊತ್ತಿದ್ದೂ ಕೂತೇ ಇದ್ದಿರಲ್ಲ ಎಂದು ಗಾಡಿ ನಿಲ್ಲಿಸಿ ಕೂಗಾಡಬೇಕು ಅನಿಸಿತು. ಅದೇ ಹೊತ್ತಿಗೆ, ಇಷ್ಟು ಸಣ್ಣ ಅಂಜಿಕೆಯನ್ನು ಇಷ್ಟು ದೂರ ಒಬ್ಬರೇ ಹೊತ್ತು ತಂದರಲ್ಲ ಎಂದು ಮರುಕವೂ ಬಂತು. ಎರಡರಲ್ಲಿ ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ.

ನವನಗರದ ತಿರುವು ಬಂತು. ನಾನು ತಿರುಗಿಸಲಿಲ್ಲ.

ಸ್ವಲ್ಪ ಮುಂದೆ ಹೋದ ಮೇಲೆ ಅವರೇ ಅಂದರು, "ಮನಿ ಹಿಂದ ಹೋತಲ್ಲ."

"ಹೋತು."

"ಎಲ್ಲಿಗೆ ಹೊಂಟೇವಿ?"

"ಗೊತ್ತಿಲ್ಲರಿ."

ಅವರು ಸೀಟಿನ ಕೆಳಗೆ ಕೈ ಹಾಕಿ ತಡಕಾಡಿ, ಹಿಡಿ ಸಿಕ್ಕ ಮೇಲೆ ಸೀಟನ್ನು ಹಿಂದಕ್ಕೆ ಸರಿಸಿಕೊಂಡು, ಕಾಲು ನೀಡಿ ಕೂತರು.