ಹಣ್ಣು ಹಿಂಡಿದ ಮನೆಗೆ ಹಚ್ಚಿದ ಹೆಸರು

ದಾಳಿಂಬೆಯ ಹಂಗಾಮು ಶುರುವಾದರೆ ಅಕ್ಕಾರ ಬೆರಳ ತುದಿಗಳು ಕಪ್ಪಾಗುತ್ತಿದ್ದವು. ರಸ ಕೆಂಪಗಿದ್ದರೂ ಸಿಪ್ಪೆಯ ಒಗರು ಚರ್ಮಕ್ಕೆ ಹತ್ತಿ, ಉಗುರಿನ ಸಂದಿಗಿಳಿದು, ಎಷ್ಟು ತಿಕ್ಕಿದರೂ ಹೋಗದ ಕಂದುಗಪ್ಪಾಗಿ ನಿಲ್ಲುತ್ತಿತ್ತು. ಮದುವೆಗಳಿಗೆ ಹೋಗುವ ಮುಂಚೆ ಲಿಂಬೆ ಹೋಳಿನಿಂದ ಉಜ್ಜಿಕೊಳ್ಳಿರೆಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಕೈ ಬೆಳ್ಳಗೆ ಮಾಡಿಕೊಳ್ಳಲು ಒಂದು ಲಿಂಬೆ ಹಾಳು ಮಾಡುವವರಲ್ಲ ಅವರು. ಅದೇ ಕಪ್ಪು ಬೆರಳುಗಳಿಂದ ವಧುವಿಗೆ ಅಕ್ಕಿಕಾಳು ಹಾಕಿ ಬರುತ್ತಿದ್ದರು.

ನಾನು ಕುಷ್ಟಗಿಯ ಕಾಲೇಜಿಗೆ ಪಾಠ ಹೇಳಲು ಬಂದ ಹೊಸತರಲ್ಲಿ ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಅವರು ನನ್ನ ಮನೆಯೊಡತಿ. ಓಣಿಯವರೆಲ್ಲ ‘ಅಕ್ಕಾರು’ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ತಂಗೀ’ ಎನ್ನುತ್ತಿದ್ದರು. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ರಕ್ತ ಪರೀಕ್ಷೆಯ ಕೆಲಸ ಕಲಿಯಲು ದಿನವೂ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿಬರುತ್ತಿದ್ದಳು. ಊರ ಹೊರಗಿನ ದಾಳಿಂಬೆ ತೋಟವನ್ನು ಅಕ್ಕಾರ ಮೈದುನ ನೋಡಿಕೊಳ್ಳುತ್ತಿದ್ದ. ಅವನ ಮನೆ ಅದೇ ಓಣಿಯ ಕೊನೆಯಲ್ಲಿತ್ತು.

ಬಿರಿದ ದಾಳಿಂಬೆಯನ್ನು ವ್ಯಾಪಾರಿಗಳು ಮುಟ್ಟುವುದಿಲ್ಲ. ಅಂಥ ಹಣ್ಣು ತೋಟದ ಬದುವಿನ ಮೇಲೆ ರಾಶಿ ಬಿದ್ದು ಕೊಳೆಯುತ್ತಿತ್ತು. ಅಕ್ಕಾರಿಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಮೇಲಿನ ತೊಗಲು ಸೀಳಿದರೆ ಒಳಗಿನ ಕಾಳು ಏನು ತಪ್ಪು ಮಾಡ್ಯಾವ ಎಂದು ಮೈದುನನನ್ನು ಕೇಳಿ, ಬುಟ್ಟಿಗಟ್ಟಲೆ ಮನೆಗೆ ತರಿಸಿಕೊಂಡರು. ಅವರ ಪಾನೀಯಗಳು ಹುಟ್ಟಿದ್ದು ಆ ಸಿಟ್ಟಿನಿಂದಲೇ.

ಹಣ್ಣನ್ನು ನೀರು ತುಂಬಿದ ಬೋಗುಣಿಯೊಳಗೆ ಮುಳುಗಿಸಿ ಬಿಡಿಸುತ್ತಿದ್ದರು. ಕಾಳು ಕೆಳಗೆ ಕೂರುತ್ತಿತ್ತು, ಬಿಳಿ ಪೊರೆ ಮೇಲೆ ತೇಲುತ್ತಿತ್ತು. ಕಾಳುಗಳನ್ನು ಹಳೆಯ ಮೆತ್ತನೆಯ ಪಂಜೆಯ ತುಂಡಿನಲ್ಲಿ ಕಟ್ಟಿ ಕೈಯಿಂದಲೇ ಹಿಂಡಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ ಬಿಡುತ್ತದೆ. ಪೇರಲ ಹಣ್ಣನ್ನು ಬೇರೆ ಕಿವುಚಿ ಜರಡಿ ಹಿಡಿಯುತ್ತಿದ್ದರು. ಗಾಜಿನ ಲೋಟದಲ್ಲಿ ಮೊದಲು ಪೇರಲದ ದಪ್ಪ ತಿರುಳು, ಅದರ ಮೇಲೆ ಚಮಚದ ಬೆನ್ನ ಮೇಲಿಂದ ನಿಧಾನಕ್ಕೆ ಇಳಿಬಿಟ್ಟ ದಾಳಿಂಬೆ ರಸ, ಒಂದೆರಡು ಹನಿ ಹಸಿಶುಂಠಿ, ಕರಿ ಉಪ್ಪು, ಕೊನೆಗೆ ಲಿಂಬೆ. ಬೇಸಿಗೆಯಲ್ಲಿ ಮಾವಿನ ತಿರುಳಿಗೆ ಮೋಸಂಬಿ, ಇಲ್ಲವೇ ಕರಬೂಜಕ್ಕೆ ಹುರಿದ ಜೀರಿಗೆ ಪುಡಿ. ಸಕ್ಕರೆ ಡಬ್ಬಿ ಹತ್ತಿರವೂ ಬರುತ್ತಿರಲಿಲ್ಲ. ಕೆಳಗೆ ಗುಲಾಬಿ, ಮೇಲೆ ಕಡುಗೆಂಪು ಎರಡೂ ಬೇರೆಬೇರೆ ನಿಂತ ಆ ಲೋಟವನ್ನು ಕೈಗೆ ಕೊಟ್ಟು, ಕಲಸಬೇಡ, ಮೊದಲು ಹಾಗೇ ಕುಡಿ ಎನ್ನುತ್ತಿದ್ದರು. ಆ ಬಿಸಿಲ ಸೀಮೆಯಲ್ಲಿ ನಾಲ್ಕು ಪಾಠ ಮುಗಿಸಿ ಬಂದವಳಿಗೆ ಅದು ಏನಾಗಿತ್ತೆಂದು ಹೇಳುವುದು ಕಷ್ಟ.

ಬಣ್ಣದ ನೀರನ್ನು ಮಾತ್ರ ಅವರು ಸಹಿಸುತ್ತಿರಲಿಲ್ಲ. ಒಮ್ಮೆ ಓಣಿಯ ಸಾಲೆಯಲ್ಲಿ ಸ್ವಾತಂತ್ರ್ಯ ದಿನದಂದು ಮಕ್ಕಳಿಗೆ ಬಕೆಟ್ಟಿನಲ್ಲಿ ಪುಡಿ ಕಲಸಿದ ಕಿತ್ತಳೆ ಬಣ್ಣದ ಪಾನಕ ಹಂಚುತ್ತಿದ್ದರು. ಅಕ್ಕಾರು ನೇರ ಹೋಗಿ ಹೆಡ್‌ಮಾಸ್ತರರನ್ನು, ಇದ್ರಾಗ ಯಾವ ಹಣ್ಣು ಹಾಕೀರಿ ಎಂದು ಕೇಳಿದರು. ಅವರು ನಕ್ಕರು. ಇವರು ನಗಲಿಲ್ಲ. ಮರುವರ್ಷ ಅದೇ ಸಾಲೆಗೆ ಹಣ್ಣು ಹೊತ್ತುಕೊಂಡು ಹೋಗಿ ತಾವೇ ಹಿಂಡಿ ಕೊಟ್ಟು ಬಂದರು. ಅವರ ಸಿಟ್ಟು ಬಾಯಲ್ಲೇ ಮುಗಿಯುವಂಥದ್ದಲ್ಲ, ಅದರ ಬೆನ್ನಿಗೆ ಒಂದು ಕೆಲಸ ಇರುತ್ತಿತ್ತು.

ಹೀಗೆ ಹಣ್ಣಿನ ರಸಗಳನ್ನು ಕೂಡಿಸುವುದಕ್ಕೆ ‘ಫ್ರೂಟ್ ಕಾಕ್‌ಟೇಲ್’ ಎನ್ನುತ್ತಾರೆಂದು ಮಗಳು ಹೇಳಿದಳು. ಅಕ್ಕಾರಿಗೆ ಆ ಹೆಸರು ಬಹಳ ಹಿಡಿಸಿತು. ಭಾನುವಾರ ಸಂಜೆ ಓಣಿಯ ನಾಲ್ಕಾರು ಹೆಂಗಸರು ಅವರ ಪಡಸಾಲೆಯಲ್ಲಿ ಸೇರುತ್ತಿದ್ದರು. ‘ಇವತ್ತ ಕಾಕ್‌ಟೇಲ್ ಐತಿ, ಬರ್ರಿ’ ಎಂದು ಅಕ್ಕಾರು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಕರೆಯುವಾಗ ಅವರ ಮುಖದಲ್ಲಿ ಸಣ್ಣ ಜಂಬವೂ ಇರುತ್ತಿತ್ತು.

ಆ ವರ್ಷ ಮಗಳಿಗೆ ಕುಕನೂರಿನ ಕಡೆಯ ಸಂಬಂಧವೊಂದು ಬಂತು. ಹುಡುಗನ ತಂದೆಯದು ದಲಾಲಿ ಅಂಗಡಿ, ಅನುಕೂಲಸ್ಥರು. ಹೆಣ್ಣು ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಅಕ್ಕಾರು ಎಲ್ಲರಿಗೂ ದಾಳಿಂಬೆ ಪೇರಲದ ಲೋಟ ಕೊಟ್ಟರು. ಹುಡುಗ ಮತ್ತೊಂದು ಕೇಳಿ ಕುಡಿದ. ಅವನ ತಾಯಿ ಮಾಡುವ ಬಗೆ ವಿಚಾರಿಸಿದರು. ಮಾತುಕತೆ ಮುಗಿದು, ನಿಶ್ಚಯಕ್ಕೆ ದಿನ ನೋಡುವುದೆಂದಾಯಿತು. ಆ ಖುಷಿಯಲ್ಲಿ ಮಗಳು ಮುಂದಿನ ಭಾನುವಾರ, ಲೋಟ ಹಿಡಿದು ನಗುತ್ತಿದ್ದ ಹೆಂಗಸರ ಫೋಟೊ ತೆಗೆದು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದಳು. ಕೆಳಗೆ ‘ಅವ್ವನ ಕಾಕ್‌ಟೇಲ್’ ಎಂದು ಬರೆದಳು.

ಆ ಫೋಟೊ ಯಾರ ಕೈಯಿಂದ ಯಾರ ಕೈಗೆ ಹೋಯಿತೋ ತಿಳಿಯದು. ಆ ವಾರವೇ ಕುಕನೂರಿನಿಂದ ಮೈದುನನಿಗೆ ಫೋನು ಬಂತು. ಕಾಕ್‌ಟೇಲ್ ಎಂದರೆ ಹೆಂಡ, ಹೆಣ್ಣುಮಕ್ಕಳು ಕೂಡಿ ಕುಡಿಯುವ ಮನೆಯಿಂದ ಸೊಸೆ ತರುವುದಿಲ್ಲ ಎಂದರಂತೆ. ಅವರು ಸ್ವತಃ ಬಂದು, ಅದೇ ಪಡಸಾಲೆಯಲ್ಲಿ ಕೂತು, ಅದೇ ಲೋಟದಲ್ಲಿ ಕುಡಿದು ಹೋದ ಜನ. ಆದರೂ ಊರವರ ಬಾಯಿ ಅವರಿಗೆ ತಮ್ಮ ನಾಲಿಗೆಗಿಂತ ದೊಡ್ಡದಾಯಿತು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮೈದುನ ಅಕ್ಕಾರ ಮನೆಗೆ ಬಂದು ಕೂಗಾಡಿದ. ಶರಬತ್ತು ಎಂದು ಬರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ, ಇನ್ನು ಈ ಹಣ್ಣು ಹಿಂಡುವ ಆಟ ಬಂದ್ ಮಾಡಬೇಕು, ನಾಲ್ಕು ಮಂದಿ ಹೆಂಗಸರು ಸೇರುವುದೂ ಬೇಡ ಎಂದ. ಹೆದ್ದಾರಿಯ ಢಾಬಾದಲ್ಲಿ ವಾರಕ್ಕೊಮ್ಮೆ ಕುಡಿದು, ಯಾರದೋ ಬೈಕಿನ ಹಿಂದೆ ತೂರಾಡುತ್ತ ಮನೆಗೆ ಬರುವವನು ಅವನು. ಓಣಿಗೆಲ್ಲ ಗೊತ್ತು. ಅದರಿಂದ ಅವನ ಮನೆಗೆ ಯಾವ ಹೆಸರೂ ಬಂದಿರಲಿಲ್ಲ, ಅವನ ಮಕ್ಕಳ ಯಾವ ಸಂಬಂಧವೂ ತಪ್ಪಿರಲಿಲ್ಲ.

ಮಗಳು ತನ್ನಿಂದಲೇ ಹೀಗಾಯಿತೆಂದು ಅಳುತ್ತಿದ್ದಳು. ಅಕ್ಕಾರು ಅವಳ ಪಕ್ಕ ಕೂತು ಒಂದೇ ಮಾತು ಹೇಳಿದರು.

‘ನೀ ಬರದಿದ್ದು ಖರೇ ಐತಿ. ಖರೇ ಬರದಾಕಿ ಯಾಕ ಅಳ್ತಿ? ಸುಳ್ಳ ಹೇಳಿದವರು ಅಳ್ಲಿ.’

ಆಮೇಲೆ ನನ್ನ ಕಡೆ ತಿರುಗಿ, ನಾಳೆ ಕಾಲೇಜಿಗೆ ಸೂಟಿ ಐತೇನು ತಂಗೀ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ದಾಳಿಂಬೆ, ಪೇರಲ, ಲಿಂಬೆ ತುಂಬಿದ ಬುಟ್ಟಿಯೊಂದಿಗೆ ನಾವಿಬ್ಬರೂ ಬಸ್ಸು ಹತ್ತಿದೆವು. ಯಲಬುರ್ಗಾದಲ್ಲಿ ಬಸ್ಸು ಬದಲಿಸುವಾಗ, ಕುಕನೂರಿಗೆ ಹೋಗಿ ಏನು ಹೇಳುತ್ತೀರಿ ಎಂದು ಕೇಳಿದೆ. ನೀ ಬರೇ ನೋಡು ಎಂದರು. ಸಂಬಂಧಕ್ಕಾಗಿ ಕೈಮುಗಿಯಲು ಹೊರಟಿದ್ದಾರೇನೋ ಎಂದು ನನಗೆ ದಾರಿಯುದ್ದಕ್ಕೂ ಅಳುಕು.

ಹುಡುಗನ ಮನೆಯಲ್ಲಿ ತಂದೆ, ತಾಯಿ, ಹುಡುಗ ಮೂವರೂ ಇದ್ದರು. ನಮ್ಮನ್ನು ನೋಡಿ ಗಾಬರಿಯಾಗಿ ಬರ್ರಿ ಎಂದರು. ಪಕ್ಕದ ಮನೆಯ ಹೆಂಗಸರು ಕಿಟಕಿಗೆ ಬಂದರು. ಅಕ್ಕಾರು ಪಡಸಾಲೆಯ ನಡುವೆ ಬುಟ್ಟಿ ಇಟ್ಟು ಕೂತರು. ಹುಡುಗನ ತಂದೆ ಏನೋ ಸಮಾಧಾನ ಹೇಳಲು ಹೊರಟರು. ಅಕ್ಕಾರು ಅವರನ್ನು ತಡೆದರು.

‘ಸಂಬಂಧ ಕೇಳಾಕ ಬಂದಿಲ್ರಿ. ಅದು ಮುರದೈತಿ, ಮುರೀಲಿ. ನನ್ನ ಮನಿಗಿ ನೀವು ಹಚ್ಚಿದ ಹೆಸರು ಬಿಡಿಸ್ಕೊಂಡು ಹೋಗಾಕ ಬಂದೀನಿ. ಚಾಕು ನಿಮ್ದ ಕೊಡ್ರಿ. ನೀರು ನಿಮ್ದ ಕೊಡ್ರಿ. ಲೋಟಾನೂ ನಿಮ್ದ ಇರ್ಲಿ.’

ಹುಡುಗನ ತಾಯಿ ಎಲ್ಲ ತಂದಿಟ್ಟರು. ಅಕ್ಕಾರು ಅಲ್ಲೇ ಕೂತು ಹಣ್ಣು ಬಿಡಿಸಿದರು, ಹಿಂಡಿದರು, ಜರಡಿ ಹಿಡಿದರು. ಅವಸರ ಮಾಡಲಿಲ್ಲ. ಕಿಟಕಿಯ ಹೆಂಗಸರನ್ನೂ ಒಳಗೆ ಕರೆದು ಕೂರಿಸಿದರು. ಲೋಟಗಳು ತುಂಬಿದ ಮೇಲೆ ಒಂದನ್ನು ಹುಡುಗನ ತಾಯಿಯ ಕೈಗೆ ಕೊಟ್ಟು, ಕುಡಿದು ಹೇಳಿರಿ, ಇದರೊಳಗೆ ಏನೈತಿ ಎಂದರು. ಆಕೆ ಕುಡಿದರು. ತಲೆ ತಗ್ಗಿಸಿ, ಹಣ್ಣು ಐತ್ರಿ ಎಂದರು.

‘ನಮ್ಮ ಮನ್ಯಾಗ ಕುಡದಾಗೂ ಇದ ಇತ್ತಲ್ರಿ? ಇದಕ್ಕ ನನ್ನ ಮಗಳು ಕಾಕ್‌ಟೇಲ್ ಅಂತಾಳ. ನಾನೂ ಹಂಗ ಅಂತೀನಿ. ನಾಳೆನೂ ಅಂತೀನಿ.’

ಹುಡುಗನ ತಂದೆ ಒಮ್ಮೆಲೇ ಮೆತ್ತಗಾದರು. ತಿಳಿಯದೆ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ, ನಿಶ್ಚಯಕ್ಕೆ ದಿನ ನೋಡೋಣ ಎಂದರು. ಅಕ್ಕಾರು, ಬಾಳುವೆ ಮಾಡುವಾಕಿ ನಾನಲ್ಲ, ಮಗಳನ್ನು ಕೇಳುತ್ತೇನೆ ಎಂದು ಎದ್ದರು. ಹುಡುಗ ಅಷ್ಟೂ ಹೊತ್ತು ಮೂಲೆಯ ಕುರ್ಚಿಯಲ್ಲಿ ಮೊಬೈಲು ನೋಡುತ್ತ ಕೂತಿದ್ದ. ಬಾಯಿ ಬಿಟ್ಟಿರಲಿಲ್ಲ.

ಮನೆಗೆ ಬಂದು ಅಕ್ಕಾರು ಎಲ್ಲವನ್ನೂ ಹೇಳಿದಾಗ ಮಗಳು ಕೇಳಿದ್ದು ಹುಡುಗ ಏನೆಂದ ಎಂಬ ಒಂದೇ ಪ್ರಶ್ನೆ. ಏನೂ ಅನಲಿಲ್ಲ ಎಂದೆವು.

‘ಅವತ್ತ ಕೇಳಿ ಕೇಳಿ ಕುಡದಾಂವ ಇವತ್ತ ಒಂದ್ ಮಾತು ಆಡ್ಲಿಲ್ಲ ಅಂದ್ರ, ಅಂಥವನ ಕೂಡ ನಾ ಹೆಂಗ ಬಾಳ್ವೆ ಮಾಡ್ಲಿ ಅವ್ವಾ?’

ಅಕ್ಕಾರು ಆಗಲೇ ಮೈದುನನ ಮನೆಗೆ ನಡೆದುಹೋಗಿ, ಈ ಸಂಬಂಧ ನಮಗೆ ಬೇಡವೆಂದು ತಿಳಿಸಿಬಿಡು ಎಂದು ಹೇಳಿ ಬಂದರು.

ಇದೆಲ್ಲ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತನ್ನ ಮರ್ಯಾದೆ ಹೋಯಿತೆಂದು ಮೈದುನ ತೋಟದ ಹಣ್ಣು ಕಳಿಸುವುದನ್ನು ನಿಲ್ಲಿಸಿದ. ತೋಟದಲ್ಲಿ ಅಕ್ಕಾರ ಪಾಲೂ ಇತ್ತು. ಬಿರಿದ ಹಣ್ಣು ಮತ್ತೆ ಬದುವಿನ ಮೇಲೆಯೇ ಕೊಳೆಯಿತು. ಭಾನುವಾರ ಬರುತ್ತಿದ್ದ ಹೆಂಗಸರಲ್ಲಿ ಕೆಲವರು ಗಂಡಂದಿರಿಗೆ ಅಂಜಿ ಬರುವುದನ್ನು ಬಿಟ್ಟರು. ಮನೆಯ ಮುಂದೆ ಹಾದುಹೋಗುವ ಹುಡುಗರು ‘ಅಕ್ಕಾರ, ಒಂದು ಕ್ವಾರ್ಟರ್ ಕೊಡ್ರಿ’ ಎಂದು ಚೇಷ್ಟೆ ಮಾಡಿ ಓಡುತ್ತಿದ್ದರು. ಅಕ್ಕಾರು ಸಂತೆಯಲ್ಲಿ ಹಣ್ಣು ಕೊಂಡು ತಂದರು. ಪಡಸಾಲೆಯಲ್ಲಿ ಹಿಂಡುತ್ತಿದ್ದವರು ಅಂದಿನಿಂದ ಬೀದಿ ಬದಿಯ ಕಟ್ಟೆಗೆ ಬಂದು ಕೂತರು. ಹಾದುಹೋಗುವವರೆಲ್ಲ ನೋಡಬಹುದಿತ್ತು. ಅವರು ಮಾತಾಡಿಸಿದರೆ ಅಕ್ಕಾರು ಮಾತಾಡುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಹಿಂಡುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ ಅವರ ಕಣ್ಣು ತುಂಬಿತ್ತು. ಲಿಂಬೆ ಸಿಡಿಯಿತೇ ಎಂದೆ. ಇಲ್ಲ, ಸಿಟ್ಟು ಎಂದರು.

ಕೆಲವು ವರ್ಷಗಳ ನಂತರ ಮಗಳು ತನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಯಲಬುರ್ಗಾದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಬಂದವರಿಗೆ ಬಾಗಿಲಲ್ಲಿ ನಿಂತು ಲೋಟ ಕೊಟ್ಟವರು ಅಕ್ಕಾರೇ. ವಿಧವೆ ಮುಂದೆ ನಿಲ್ಲಬಾರದೆಂದು ಯಾರೋ ಗೊಣಗಿದರಂತೆ. ಹಾಗಾದರೆ ನೀವೇ ಹಿಂಡಿ ಕೊಡ್ರಿ ಎಂದು ಅವರು ಜಾಗ ಬಿಟ್ಟುಕೊಟ್ಟರಂತೆ. ಯಾರೂ ಮುಂದೆ ಬರಲಿಲ್ಲವಂತೆ. ಆ ಹೊತ್ತಿಗೆ ನಾನು ಗಂಗಾವತಿಗೆ ವರ್ಗವಾಗಿ ಹೋಗಿದ್ದೆ. ಮದುವೆಗೆ ತಡವಾಗಿ ಹೋಗಿ ಇದನ್ನು ಕೇಳಿ ತಿಳಿದೆ.

ಹೋದ ಬೇಸಿಗೆಯಲ್ಲಿ ಅಕ್ಕಾರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಪುಣ್ಯತಿಥಿಯ ಊಟದ ವ್ಯವಸ್ಥೆಯೆಲ್ಲ ಮೈದುನನದು. ಪೆಂಡಾಲಿನ ಬದಿಗೆ ಬಣ್ಣದ ನೀರಿನ ಬಾಟಲಿಗಳ ಟ್ರೇಗಳು ಒಂದರ ಮೇಲೊಂದು ನಿಂತಿದ್ದವು. ನನ್ನ ಕೈಗೂ ಒಂದು ಬಂತು. ಅದನ್ನು ಹಾಗೇ ನೆಲಕ್ಕಿಟ್ಟೆ.

ಊಟಕ್ಕೆ ಮುಂಚೆ ಅವನು ಮೈಕು ಹಿಡಿದು ಅತ್ತಿಗೆಯ ಬಗ್ಗೆ ಮಾತಾಡಿದ. ನಮ್ಮ ವೈನಿ ಬಹಳ ಶಾಂತ ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ, ಮನೆಯ ಮಾತು ಹೊಸ್ತಿಲು ದಾಟಲು ಬಿಟ್ಟವರಲ್ಲ ಎಂದ. ಜನ ತಲೆಯಾಡಿಸಿದರು. ಬದುಕಿದ್ದಾಗ ಅವರಿಗೊಂದು ಸುಳ್ಳು ಹೆಸರು ಹಚ್ಚಿದರು, ಸತ್ತ ಮೇಲೆ ಇನ್ನೊಂದು ಹಚ್ಚುತ್ತಿದ್ದಾರೆ. ಮೊದಲನೆಯದಕ್ಕಿಂತ ಇದೇ ಕೆಟ್ಟದ್ದು, ಯಾಕೆಂದರೆ ಇದು ಹೊಗಳಿಕೆಯ ವೇಷದಲ್ಲಿ ಬರುತ್ತದೆ.

ನಾನು ಏಳುವಷ್ಟರಲ್ಲಿ ಮಗಳು ಎದ್ದಿದ್ದಳು. ಕೈಗೂಸನ್ನು ಗಂಡನ ತೊಡೆಗೆ ಹಾಕಿ ಮುಂದೆ ಹೋಗಿ ಮೈಕು ತೆಗೆದುಕೊಂಡಳು.

‘ಕಾಕಾ, ನಮ್ಮವ್ವ ಶಾಂತ ಇರಲಿಲ್ಲ. ಆಕಿಗೆ ಸಿಟ್ಟು ಬರ್ತಿತ್ತು. ಬಂದಾಗ ಎದುರಿಗೇ ಹೋಗಿ ಹೇಳ್ತಿದ್ಲು. ನಿಮಗೂ ಹೇಳ್ಯಾಳ. ಅದನ್ನ ಹೇಳ್ರಿ.’

ಮೈದುನ ಬಾಟಲಿಗಳ ಕಡೆ ನೋಡುತ್ತ ನಿಂತ. ಹಿಂದಿನ ಸಾಲಿನಿಂದ, ಹಿಂದೊಮ್ಮೆ ಭಾನುವಾರಗಳಿಗೆ ಬರುವುದನ್ನು ಬಿಟ್ಟಿದ್ದ ಓಣಿಯ ಹೆಂಗಸೊಬ್ಬರು ಎದ್ದು ನಿಂತರು. ‘ಹೌದು, ಹೇಳ್ಯಾರ. ನಮಗೂ ಹೇಳ್ಯಾರ’ ಎಂದರು. ಆಮೇಲೆ ಇನ್ನೊಬ್ಬರು ಎದ್ದರು.