ಮುನಾಫ ಮಾಡಿದ ಇಪ್ಪತ್ತು ಬೋನು

ಸವಣೂರಿನ ಪೇಟೆಯಲ್ಲಿ ತಗಡಿನ ಕೆಲಸ ಮಾಡುವವರು ಒಂದು ಕಾಲಕ್ಕೆ ಏಳೆಂಟು ಮನೆಯವರಿದ್ದರು. ಈಗ ಉಳಿದವನು ಮುನಾಫ ಒಬ್ಬನೇ. ಪ್ಲಾಸ್ಟಿಕ್ ಬಂದು ಡಬ್ಬಿ, ಲಾಳಿಕೆ, ಬಕೀಟು ಎಲ್ಲವನ್ನೂ ನುಂಗಿದ ಮೇಲೂ ಅವನ ಅಂಗಡಿ ಬಾಗಿಲು ಮುಚ್ಚದೆ ಉಳಿದದ್ದು ಇಲಿ ಬೋನಿನಿಂದ. ಹಲಗೆಯ ತುಂಡು, ಅದರ ಮೇಲೊಂದು ಸ್ಪ್ರಿಂಗ್, ಒಂದು ಕಡ್ಡಿ. ಕಡ್ಡಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಟ್ಟರೆ, ಇಲಿ ಮೂತಿ ಹಾಕಿದ ಕೂಡಲೇ ಸ್ಪ್ರಿಂಗಿನ ತಂತಿ ಬಂದು ಕತ್ತಿನ ಮೇಲೆ ಬಡಿಯುತ್ತಿತ್ತು. ಹಾನಗಲ್ಲಿನ ಸಂತೆಯಿಂದ ಹಿರೇಕೆರೂರಿನ ಸಂತೆಯವರೆಗೆ ಅವನ ಬೋನು ಹೋಗುತ್ತಿತ್ತು.

ಆದರೆ ಬೋನಿನಲ್ಲಿ ಇಲಿ ಸಾಯುವುದನ್ನು ಮುನಾಫ ಕಣ್ಣಾರೆ ನೋಡಿದವನಲ್ಲ. ಮಾಡುವುದು ತನ್ನ ಕೆಲಸ, ಮುಂದಿನದು ಕೊಂಡವರಿಗೆ ಬಿಟ್ಟದ್ದು ಎಂದುಕೊಂಡೇ ಇಪ್ಪತ್ತೈದು ವರ್ಷ ಕಳೆದಿದ್ದ.

ಒಂದು ಬೆಳಿಗ್ಗೆ ಹುಲಗೂರಿನ ರೈತ ಗುತ್ತೆಪ್ಪ ಒಂದು ಗೋಣಿತಟ್ಟಿನ ಗಂಟು ಹಿಡಿದು ಬಂದ.

“ಮುನಾಫಸಾಬ್ರ, ನಿಮ್ಮ ಸ್ಪ್ರಿಂಗ್ ಯಾಕೋ ಸಡ್ಲ ಆಗೇತ್ರಿ. ನೋಡ್ರಿ ಇದನ್ನ.”

ಗಂಟು ಬಿಚ್ಚಿದರೆ ಒಳಗೆ ಬೋನು. ಬೋನಿನಲ್ಲಿ ಇಲಿ. ತಂತಿ ಬಿದ್ದದ್ದು ಕತ್ತಿನ ಮೇಲಲ್ಲ, ಸೊಂಟದ ಮೇಲೆ. ಹಿಂದಿನ ಅರ್ಧ ಚಪ್ಪಟೆಯಾಗಿತ್ತು. ಮುಂದಿನ ಎರಡು ಕಾಲು ಇನ್ನೂ ಹಲಗೆಯನ್ನು ಕೆರೆಯುತ್ತಿದ್ದವು.

“ಯಾವಾಗ ಸಿಕ್ಕಿತ್ತು?” ಎಂದು ಮುನಾಫ ಕೇಳಿದ.

“ನಿನ್ನೆ ಮುಂಜಾನೇನ ಸಿಕ್ಕಿತ್ರಿ. ಹೊಲಕ್ಕ ಹೋಗೂ ಗಡಿಬಿಡಿ, ತಾನ ಸಾಯ್ತೇತಿ ಅಂತ ಬಿಟ್ಟಿದ್ದೆ. ಇವತ್ತ ನೋಡಿದ್ರ ಇನ್ನೂ ಹಂಗ ಐತಿ.”

ಮುನಾಫ ತಗಡು ಬಡಿಯುವ ಕೊಡತಿ ತೆಗೆದುಕೊಂಡು ಒಂದೇ ಏಟಿಗೆ ಮುಗಿಸಿದ. ಗುತ್ತೆಪ್ಪನಿಗೆ ಬೇರೆ ಬೋನು ಕೊಡಲಿಲ್ಲ. ಅಂಗಡಿಯಲ್ಲಿ ತೂಗುಹಾಕಿದ್ದ ಸ್ಪ್ರಿಂಗ್ ಬೋನುಗಳನ್ನೆಲ್ಲ ಇಳಿಸಿ ಹಳೆ ಚೀಲಕ್ಕೆ ತುಂಬಿದ. ಆ ದಿನ ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಎದ್ದ.

ಅಲ್ಲಿಂದ ಮುಂದೆ ಅವನು ಜಾಲರಿ ಬೋನು ಮಾಡತೊಡಗಿದ. ಗೇಣುದ್ದದ ತಗಡಿನ ಪೆಟ್ಟಿಗೆ, ಎರಡು ಬದಿಗೆ ಜಾಲರಿ, ಮುಂದೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಇಲಿಗೆ ಎಲ್ಲಿಯೂ ಏಟು ಬೀಳಬಾರದೆಂದು ಬಾಗಿಲಿನ ಅಂಚು ಮಡಿಚಿ ಅರ ಹಾಕಿ ನಯ ಮಾಡುತ್ತಿದ್ದ. ಕೊಂಡವರಿಗೆಲ್ಲ ಒಂದೇ ಪಾಠ. ಒಳಗೆ ಶೇಂಗಾ ಇಡ್ರಿ, ಒಂದು ಚೂರು ಬಟ್ಟೆ ಇಡ್ರಿ. ಮುಂಜಾನೆ ಸಂಜೆ ತಪ್ಪದೆ ನೋಡ್ರಿ. ಸಿಕ್ಕದ್ದನ್ನು ಬೇಲಿ ಸಾಲಿಗೆ ಬಿಡ್ರಿ. ಎಲ್ಲಕ್ಕಿಂತ ಮೊದಲು ಗೋಡೆಯ ತೂತು ಮುಚ್ರಿ.

ತೂತಿನ ಮಾತು ಅವನು ಅನುಭವದಿಂದ ಕಲಿತದ್ದು. ಒಮ್ಮೆ ತನ್ನ ಮನೆಯಲ್ಲಿ ಸಿಕ್ಕ ಇಲಿಯ ಬಾಲಕ್ಕೆ ಕೆಂಪು ಬಣ್ಣ ಹಚ್ಚಿ ಮೂರು ಓಣಿ ದಾಟಿ ಬಿಟ್ಟು ಬಂದಿದ್ದ. ಮರುದಿನ ಕೆಂಪು ಬಾಲ ಅಡುಗೆಮನೆಯ ಅಟ್ಟದ ಮೇಲಿತ್ತು. ಪೆನ್ಸಿಲ್ ತೂರುವಷ್ಟು ಸಂದಿದ್ದರೂ ಸಣ್ಣ ಇಲಿ ನುಸುಳುತ್ತದೆ ಎಂದು ಆಗ ಗೊತ್ತಾಯಿತು. ತಂತಿಜಾಲರಿ ತುರುಕಿ ಮೇಲೆ ಸಿಮೆಂಟ್ ಮೆತ್ತಿದ ಮೇಲೆಯೇ ಅದರ ಬರವು ನಿಂತದ್ದು.

ಹೆಂಡತಿ ಉಮೈಮಾ ಇದನ್ನೆಲ್ಲ ನೋಡಿ, “ಮಂದಿ ಇಲಿ ಕೊಲ್ಲಾಕ ಬೋನು ಕೇಳ್ತಾರ. ನೀವು ಇಲಿಗೆ ಮನಿ ಕಟ್ಟಿ ಕೊಡಾಕತ್ತೀರಿ” ಎಂದಳು. ಮಾತು ಸುಳ್ಳಾಗಿರಲಿಲ್ಲ. ಸಂತೆಯ ಗಿರಾಕಿಗಳು ಜಾಲರಿ ಬೋನನ್ನು ತಿರುವಿ ಮುರುವಿ ನೋಡಿ, “ಸಿಕ್ಕ ಮ್ಯಾಲ ಇದನ್ನ ಹೊತ್ಕೊಂಡು ಯಾರು ಅಡ್ಡಾಡ್ತಾರ” ಎಂದು ಇಲಿಪಾಷಾಣದ ಕಡೆ ಹೋಗುತ್ತಿದ್ದರು.

ಹೀಗಿರುವಾಗ ಶಿಗ್ಗಾಂವ ದಾಟಿ ಹೆದ್ದಾರಿ ಬದಿಯಲ್ಲಿದ್ದ ಒಂದು ಖಾಸಗಿ ಹಾಸ್ಟೆಲಿನಿಂದ ಫೋನು ಬಂತು. ಪಾಷಾಣ ತಿಂದ ಇಲಿಯೊಂದು ಅಲ್ಲಿಯ ಅಕ್ಕಿ ಮೂಟೆಯೊಳಗೆ ಸತ್ತು, ಹುಡುಗಿಯರು ಊಟ ಬಿಟ್ಟು ಗಲಾಟೆ ಮಾಡಿದ್ದರು. ಮ್ಯಾನೇಜರ್ ಸಾಗರನಿಗೆ ಜೀವಂತ ಹಿಡಿಯುವ ಬೋನು ಬೇಕಿತ್ತು. ಒಂದಲ್ಲ, ಇಪ್ಪತ್ತು.

ಅವನ್ನು ಮಾಡಿ ಮುಗಿಸಲು ಹಿಡಿದ ಹದಿನೈದು ದಿನ ಮುನಾಫ ಹಾಡು ಗುನುಗುತ್ತ ಕೆಲಸ ಮಾಡಿದ್ದನ್ನು ಉಮೈಮಾ ಮೊದಲ ಸಲ ಕೇಳಿದಳು. ಕೊನೆಗೂ ಯಾರೋ ತನ್ನ ಮಾತು ಕೇಳಿದರು ಎಂಬ ಸಮಾಧಾನ ಅವನಿಗೆ. ಬೋನುಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಹೋಗಿ, ಅಡುಗೆಯ ತಿಪ್ಪವ್ವನ ಮುಂದೆ ಒಂದೊಂದನ್ನೂ ಇಟ್ಟು ತೋರಿಸಿದ. ಹೊರಡುವಾಗ ಸಾಗರನಿಗೆ ಮತ್ತೆ ಹೇಳಿದ:

“ಒಂದು ದಿನಾನೂ ತಪ್ಪಬಾರ್ದು, ಸರ್. ಸೂಟಿ ಬಂತಂದ್ರ ಬಾಗ್ಲ ಎತ್ತಿ ಕಟ್ಟಿಬಿಡ್ರಿ. ಒಳಗ ಸಿಕ್ಕದ್ದಕ್ಕ ನೀರಿಲ್ಲ, ಕೂಳಿಲ್ಲ.”

“ಆತ್ರಿ ಚಾಚಾ” ಎಂದ ಸಾಗರ, ಫೋನಿನಿಂದ ಕಣ್ಣು ತೆಗೆಯದೆ.

ತಿಪ್ಪವ್ವ ಒಂದು ತಿಂಗಳು ತಪ್ಪದೆ ನಡೆಸಿದಳು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಬೋನು ಎತ್ತಿಕೊಂಡು ಹಿಂದಿನ ಬೇಲಿಗೆ ಹೋಗಿ ಬಿಟ್ಟು ಬರುತ್ತಿದ್ದಳು. ಆಮೇಲೆ ದಸರಾ ಸೂಟಿ ಬಂತು. ಊರಿಗೆ ಹೊರಟವಳು ಬೋನಿನ ಬಾಗಿಲು ಎತ್ತಿ ಕಟ್ಟಲು ಹೋದಾಗ ಸಾಗರನೇ ತಡೆದ. “ಇರ್ಲಿ ಬಿಡು ತಿಪ್ಪವ್ವಾ. ಹಾಸ್ಟೆಲ್ ಖಾಲಿ ಇರ್ತೇತಿ, ಎಲ್ಲಾ ಒಮ್ಮೆ ಬಿದ್ದು ಹೋಗ್ಲಿ. ನಾ ಬಂದು ನೋಡ್ಕೊಂತೇನಿ.” ಅವಳು ಇಪ್ಪತ್ತು ಬೋನಿಗೂ ಶೇಂಗಾ ಹಾಕಿ ಹೋದಳು. ಅವನು ಉಗ್ರಾಣಕ್ಕೆ ಬೀಗ ಹಾಕಿ ಹೋದ.

ಹಾಸ್ಟೆಲ್ ಮತ್ತೆ ತೆರೆದ ದಿನವೇ ಮುನಾಫ ಅಲ್ಲಿಗೆ ಹೋದ. ಉಗ್ರಾಣದ ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಬಡಿದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದ. ತಿಪ್ಪವ್ವ ಬಾಗಿಲು ತೆರೆದು ಸೆರಗನ್ನು ಮೂಗಿಗೆ ಒತ್ತಿ ಹೊರಗೆ ನಿಂತಿದ್ದಳು. ಅವನನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಹದಿನಾಲ್ಕು ಬೋನು ತುಂಬಿದ್ದವು. ಕೆಲವು ಇಲಿಗಳು ಅವನು ಇಡಲು ಹೇಳಿದ್ದ ಬಟ್ಟೆಯನ್ನು ನುಣ್ಣಗೆ ಹರಿದು ಅದರೊಳಗೆ ಮುದುಡಿ ಒಣಗಿದ್ದವು. ಜಾಲರಿ ಕಡಿದು ಕಡಿದು ಕೆಲವುಗಳ ಮೂತಿಯ ಮೇಲೆ ಚರ್ಮವೇ ಇರಲಿಲ್ಲ. ಒಂದರಲ್ಲಿ ಎರಡು ಬಿದ್ದಿದ್ದವು, ಒಂದು ಇನ್ನೊಂದನ್ನು ಅರ್ಧ ತಿಂದಿತ್ತು. ಮುನಾಫ ಒಂದು ಬೋನಿನ ಬಾಗಿಲು ಮುಟ್ಟಿ ನೋಡಿದ. ಬಾಗಿಲು ಅವನು ಮಾಡಿದಂತೆಯೇ ಇತ್ತು, ಎಳ್ಳಷ್ಟೂ ಅಲುಗಿರಲಿಲ್ಲ.

ಸಾಗರ ಬಂದ. “ಸತ್ತಾವಲ್ರಿ ಚಾಚಾ, ಬಿಡ್ರಿ. ಬೋನು ಇಡೂದು ಅದಕ್ಕ ಅಲ್ಲೇನು?”

“ಬೀಗ ಹಾಕಿ ಎಷ್ಟು ದಿನ ಆತ್ರಿ?”

“ಹನ್ನೊಂದು ಇರಬೇಕು. ನಡುವ ಬಂದು ನೋಡಬೇಕಂತ ಮಾಡಿದ್ದೆ, ಮರ್ತ ಹೋತು.”

ಮುನಾಫ ಹಿತ್ತಲಲ್ಲಿ ಗುಂಡಿ ತೆಗೆದು ಇಲಿಗಳನ್ನೆಲ್ಲ ಹೂತ. ಇಪ್ಪತ್ತು ಬೋನನ್ನೂ ವಾಪಸು ತಂದು, ಕತ್ತರಿ ಹಿಡಿದು ಅಂಗಡಿಯ ಮುಂದೆ ಕೂತು ಒಂದೊಂದೇ ಕತ್ತರಿಸಿದ. ಉಮೈಮಾ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು.

“ಗುತ್ತೆಪ್ಪನ ಇಲಿ ಒಂದು ದಿನ ನರಳಿತ್ತು. ಇವು ಎಷ್ಟು ದಿನ ನರಳಿದ್ವೋ” ಎಂದ ಅವನು.

“ತಪ್ಪು ನಿಮ್ದಲ್ಲ. ಬೀಗ ಹಾಕ್ದಾವಂದು.”

“ಹೊರಗಿನ ಬೀಗ ಅವ ಹಾಕ್ದ. ಒಳಗಿನ ಬಾಗ್ಲ ನಾ ಮಾಡಿದ್ದು.”

ಕತ್ತರಿಸಿದ ತಗಡನ್ನೇ ಪಟ್ಟಿ ಮಾಡಿಕೊಂಡು ಅವನು ಐದು ದಿನ ಆ ಹಾಸ್ಟೆಲಿಗೆ ಹೋದ. ಬಾಗಿಲ ಸಂದಿ, ಮೋರಿಯ ಬಾಯಿ, ಪೈಪು ನುಗ್ಗಿದ ಜಾಗ ಎಲ್ಲ ಮುಚ್ಚಿದ. ಅಕ್ಕಿಗೂ ಬೇಳೆಗೂ ಬಿಗಿ ಮುಚ್ಚಳದ ತಗಡಿನ ಪೀಪಾಯಿ ಮಾಡಿಕೊಟ್ಟ. ದೀಪಾವಳಿ ಹೊತ್ತಿಗೆ ಉಗ್ರಾಣದಲ್ಲಿ ಒಂದು ಹಿಕ್ಕೆಯೂ ಕಾಣಲಿಲ್ಲ. “ಈ ವರ್ಷ ಇಲಿ ಕಾಟ ಅಷ್ಟೇನಿಲ್ಲ” ಎಂದು ಸಾಗರ ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ತಿಪ್ಪವ್ವ ಮುನಾಫನಿಗೆ ಹೇಳಿ ನಕ್ಕಳು. ಮುನಾಫನೂ ನಕ್ಕ.

ಸಂಕ್ರಾಂತಿ ಮುಗಿದ ಮೇಲೆ ಹಾಸ್ಟೆಲಿನಿಂದ ಹೊಗೆ ಕೊಳವೆ ರಿಪೇರಿಗೆ ಕರೆ ಬಂತು. ಹೋದವನು ಒಲೆಯ ಹಿಂದೆ ಬಗ್ಗಿದಾಗ ಒಂದು ಅಂಟಿನ ರಟ್ಟು ಕಂಡಿತು. ಅದರ ಮೇಲೆ ಒಂದು ಇಲಿ ಮಗ್ಗುಲಾಗಿ ಅಂಟಿಕೊಂಡು ಉಸಿರಾಡುತ್ತಿತ್ತು. ನೀರಿನ ಫಿಲ್ಟರ್ ಕೂರಿಸಲು ಬಂದವರು ಗೋಡೆ ಒಡೆದು ಮುಷ್ಟಿಯಷ್ಟು ತೂತು ಹಾಗೇ ಬಿಟ್ಟು ಹೋಗಿದ್ದರು. ಇಲಿ ತಿರುಗಿ ಬಂದಿದ್ದವು. ಸಾಗರ ಡಬ್ಬಗಟ್ಟಲೆ ರಟ್ಟು ತಂದಿದ್ದ.

“ಒಂದಿಷ್ಟು ಎಣ್ಣಿ ಕೊಡವಾ” ಎಂದ ಮುನಾಫ.

ತಿಪ್ಪವ್ವ ಬಟ್ಟಲಲ್ಲಿ ಕೊಟ್ಟಳು. ಅವನು ಬೆರಳಿನಿಂದ ಎಣ್ಣೆ ಸವರುತ್ತ ಒಂದೊಂದು ಕಾಲು ಬಿಡಿಸಿದ. ಅರ್ಧ ಗಂಟೆ ಹಿಡಿಯಿತು. ಒಂದು ಮಗ್ಗುಲಿನ ಕೂದಲೆಲ್ಲ ರಟ್ಟಿನಲ್ಲೇ ಉಳಿಯಿತು. ಬೇಲಿಯ ಬುಡದಲ್ಲಿ ಇಟ್ಟರೆ ಇಲಿ ಓಡಲಿಲ್ಲ, ಇಟ್ಟಲ್ಲೇ ಕೂತು ನಡುಗಿತು. ಅವನು ಬಹಳ ಹೊತ್ತು ಕಾದ. ಕೊನೆಗೆ ಅದು ನಡುಗುವುದನ್ನೂ ನಿಲ್ಲಿಸಿತು.

ಹಿಂದೆ ಬಂದು ನಿಂತಿದ್ದ ತಿಪ್ಪವ್ವ ಮೆಲ್ಲಗೆ, “ಕಂಡ ಕೂಡ್ಲೇ ಒಂದು ಏಟು ಹಾಕಬೇಕಿತ್ರಿ ಚಾಚಾ. ಪಾಪ, ಅದಕ್ಕ ಎರಡು ಸಲ ಸಾಯೂದು ಆತು” ಎಂದಳು.

ಅದು ನಿಜವೆಂದು ಮುನಾಫನಿಗೂ ಗೊತ್ತಿತ್ತು. ಕೈ ಒರೆಸಿಕೊಂಡು ಸಾಗರನ ಕೋಣೆಗೆ ಹೋಗಿ, ಗೋಡೆಯ ತೂತನ್ನು ಈಗಲೇ ಮುಚ್ಚಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದ.

“ಬ್ಯಾಡ್ರಿ. ಫಿಲ್ಟರ್‌ದವ್ರು ಇನ್ನೊಂದು ಪೈಪ್ ಹಾಕೂದೈತಂತ. ಆಮ್ಯಾಲ ನೋಡೂಣು. ಈಗ ರಟ್ಟು ಅದಾವಲ್ಲ.”

ಮುನಾಫ ಮತ್ತೆ ಆ ಹಾಸ್ಟೆಲಿಗೆ ಹೋಗಲಿಲ್ಲ. ಬೋನು ಮಾಡುವುದನ್ನೂ ಬಿಟ್ಟ. ಈಗ ಪೀಪಾಯಿ, ಮುಚ್ಚಳ, ಬಾಗಿಲ ಪಟ್ಟಿ ಮಾಡುತ್ತಾನೆ. ಹಳೆಯ ಗಿರಾಕಿಗಳು ಬಂದು ಇಲಿ ಬೋನು ಕೇಳಿದರೆ, ನಿಮ್ಮ ಮನೆಗೆ ಬಂದು ತೂತು ಮುಚ್ಚಿಕೊಡಲೇ ಎಂದು ಒಮ್ಮೆ ಕೇಳುತ್ತಾನೆ. ಬ್ಯಾಡ ಎಂದವರು ರಸ್ತೆ ದಾಟಿ ಎದುರಿನ ಕಿರಾಣಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಬಾಗಿಲಿಗೆ ಅಂಟಿನ ರಟ್ಟುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಮುನಾಫ ಕೂತಲ್ಲಿಂದ ಅವು ನೇರ ಕಾಣುತ್ತವೆ. ತಗಡು ಬಡಿಯುವಾಗ ಅವನು ಈಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾನೆ.